ಐವತ್ತು ಮಾರು ಬಲೆ

ಅಲಾಸ್ಕಾದ ನೈರುತ್ಯ ಮೂಲೆಯಲ್ಲಿ ಬೇರಿಂಗ್ ಸಮುದ್ರ ನೆಲದೊಳಕ್ಕೆ ಬಾಗಿ ಬಂದಿರುವ ಕಡೆ ಬ್ರಿಸ್ಟಲ್ ಕೊಲ್ಲಿ ಇದೆ. ನಕ್ನೆಕ್, ಕ್ವಿಜಾಕ್, ಎಗೆಗಿಕ್, ಉಗಾಶಿಕ್, ನುಶಗಾಕ್ ಮೊದಲಾದ ನದಿಗಳು ಬಂದು ಸೇರುವ ಈ ಕೊಲ್ಲಿಯಲ್ಲಿ ಜಗತ್ತಿನ ಅತಿ ದೊಡ್ಡ ಸಾಕೈ ಸಾಲ್ಮನ್ ಮೀನುಗಾರಿಕೆ ನಡೆಯುತ್ತದೆ. ಅದು ನಡೆಯುವುದು ಜೂನ್ ನಡುವಿನಿಂದ ಜುಲೈ ಕೊನೆಯವರೆಗೆ, ಸುಮಾರು ಆರು ವಾರ. ಅದರಲ್ಲೂ ಮೀನಿನ ಬಹುಪಾಲು ಜುಲೈ ನಾಲ್ಕರ ಹಿಂದುಮುಂದಿನ ಎರಡು ಮೂರು ವಾರಗಳಲ್ಲಿ ಬಂದು ಹೋಗುತ್ತದೆ. ಆ ದಿನಗಳಲ್ಲಿ ಎಂಜಿನ್ ಕೆಟ್ಟರೆ, ಬಲೆ ಹರಿದರೆ, ಮನೆಯ ಯಜಮಾನಿಗೆ ಜ್ವರ ಬಂದರೆ ವರ್ಷದ ದುಡಿಮೆಯೇ ಕೈತಪ್ಪುತ್ತದೆ. ಆದ್ದರಿಂದ ಇಲ್ಲಿನ ಮೀನುಗಾರ ಕುಟುಂಬದ ಚರಿತ್ರೆಯನ್ನು ತಿಳಿಯಬೇಕಾದವರು ಮೀನು ಹಿಡಿಯುವ ದಿನಗಳನ್ನು ನೋಡಿದರೆ ಸಾಲದು, ಅದಕ್ಕೂ ಮೊದಲಿನ ದಿನಗಳನ್ನು ನೋಡಬೇಕು. ಮೀನು ಹಿಡಿಯುವ ಚಿತ್ರಗಳು ಎಲ್ಲೆಡೆ ಸಿಗುತ್ತವೆ. ಬಲೆ ಕಟ್ಟುತ್ತ ಕೂತವರ ಚಿತ್ರ ತೆಗೆಯುವವರು ಕಡಿಮೆ.

ಸಾಲ್ಮನ್ ಎಂದಾಗ ನಮ್ಮ ಕರಾವಳಿಯ ಓದುಗರು ರಾವಸ್ ಮೀನನ್ನು ನೆನೆಯಬಹುದು. ಪೇಟೆಯಲ್ಲಿ ಅದನ್ನು ‘ಇಂಡಿಯನ್ ಸಾಲ್ಮನ್’ ಎಂದು ಮಾರುವುದುಂಟು, ಆದರೆ ಎರಡಕ್ಕೂ ನಂಟಿಲ್ಲ. ಸಾಕೈ ಸಿಹಿನೀರಿನಲ್ಲಿ ಹುಟ್ಟುವ ಮೀನು. ಹೊಳೆಯ ಜಲ್ಲಿಯಲ್ಲಿ ಮೊಟ್ಟೆಯೊಡೆದು, ಒಂದೆರಡು ವರ್ಷ ಕೆರೆಯಲ್ಲಿ ಬೆಳೆದು, ಕಡಲಿಗಿಳಿದು, ಅಲ್ಲಿ ಎರಡು ಮೂರು ವರ್ಷ ತಿಂದುಂಡು ಕೊಬ್ಬಿ, ಮೊಟ್ಟೆಯಿಡಲು ತಾನು ಹುಟ್ಟಿದ ಹೊಳೆಗೇ ವಾಪಸಾಗುತ್ತದೆ. ಮೊಟ್ಟೆಯಿಟ್ಟ ಮೇಲೆ ಸಾಯುತ್ತದೆ. ಕಡಲಿನಲ್ಲಿ ಬೆಳ್ಳಿಯಂತೆ ಹೊಳೆಯುವ ಮೈ ಹೊಳೆಯೊಳಗೆ ಕಡುಗೆಂಪಾಗಿ ತಲೆ ಹಸಿರಾಗುತ್ತದೆ. ಹಿಡಿಯಬೇಕಾದದ್ದು ಬೆಳ್ಳಿಯಾಗಿರುವಾಗ, ಅಂದರೆ ನದಿಯ ಬಾಯಿ ದಾಟುವ ಮುನ್ನ. ಎಲ್ಲ ಆತುರದ ಮೂಲ ಇದು.

ಈ ಕೊಲ್ಲಿಯಲ್ಲಿ ಎರಡು ಬಗೆಯ ಬಲೆಗಾರರಿದ್ದಾರೆ. ಒಂದು, 32 ಅಡಿ ಉದ್ದದ ದೋಣಿಯಿಂದ ಬಲೆ ಬಿಟ್ಟು ನೀರಿನ ಸೆಳೆತದ ಜೊತೆ ತೇಲುತ್ತ ಹೋಗುವವರು. ಅವರ ಬಲೆ 150 ಮಾರು, ಅಂದರೆ 900 ಅಡಿ. ಇನ್ನೊಂದು, ದಡಕ್ಕೆ ಬಲೆಯ ಒಂದು ತುದಿ ಕಟ್ಟಿ ಇನ್ನೊಂದನ್ನು ನೀರಿನತ್ತ ಚಾಚಿ ಲಂಗರು ಹಾಕುವವರು. ಅವರದು 50 ಮಾರು. ಇಂಗ್ಲಿಷರ ಫ್ಯಾದಮ್ ಎನ್ನುವ ಅಳತೆಗೂ ನಮ್ಮ ಮಾರಿಗೂ ಹುಟ್ಟು ಒಂದೇ: ಎರಡು ಕೈ ಚಾಚಿದಷ್ಟು ಉದ್ದ. ಎರಡೂ ಬಗೆಯವು ಕಿವಿರು ಬಲೆಗಳೇ. ಮೀನು ತಲೆ ತೂರಿಸುತ್ತದೆ, ಮೈ ಹಿಡಿಸುವುದಿಲ್ಲ, ಹಿಂದೆ ಸರಿಯಹೋದರೆ ಕಿವಿರು ಸಿಕ್ಕಿಕೊಳ್ಳುತ್ತದೆ. ನಾನು ಇಲ್ಲಿ ಹೆಚ್ಚಾಗಿ ಬರೆಯುವುದು ಎರಡನೆಯವರ ಬಗ್ಗೆ. ಅಜ್ಜಿ, ಮಗಳು, ಮೊಮ್ಮಕ್ಕಳು ಎಲ್ಲರೂ ಕೈಹಾಕುವ ಕೆಲಸ ಅವರದು.

ಸಿದ್ಧತೆ ಚಳಿಗಾಲದಲ್ಲೇ ಶುರುವಾಗುತ್ತದೆ. ಬಲೆ ಅಂಗಡಿಯಿಂದ ತಂದು ನೀರಿಗೆ ಬಿಡುವ ವಸ್ತುವಲ್ಲ. ಅಂಗಡಿಯಿಂದ ಬರುವುದು ನೈಲಾನಿನ ಜಾಲ ಮಾತ್ರ. ಮೇಲಂಚಿಗೆ ಬೆಂಡುಗಳನ್ನು ಪೋಣಿಸಿದ ಹಗ್ಗ, ಕೆಳಂಚಿಗೆ ಒಳಗೆ ಸೀಸ ತುಂಬಿದ ಹಗ್ಗ. ಇವೆರಡರ ನಡುವೆ ಜಾಲವನ್ನು ದಾರದಿಂದ ಕಟ್ಟಬೇಕು. ಜಾಲವನ್ನು ಬಿಗಿಯಾಗಿ ಎಳೆದು ಕಟ್ಟುವಂತಿಲ್ಲ. ಹಗ್ಗಕ್ಕಿಂತ ಜಾಲ ಹೆಚ್ಚು ಉದ್ದವಿದ್ದು ಅಲ್ಲಲ್ಲಿ ಸಡಿಲವಾಗಿ ತೂಗಿದರೆ ಮಾತ್ರ ಮೀನು ಸಿಕ್ಕಿಕೊಳ್ಳುತ್ತದೆ. ಎಷ್ಟು ಸಡಿಲ ಎನ್ನುವುದರಲ್ಲಿ ಒಂದೊಂದು ಮನೆಗೂ ಒಂದೊಂದು ಲೆಕ್ಕ. ಕೆಸರು ನೀರಿನಲ್ಲಿ ಒಂದು, ತಿಳಿನೀರಿನಲ್ಲಿ ಒಂದು, ಸೆಳೆತ ಜೋರಿದ್ದಲ್ಲಿ ಮತ್ತೊಂದು. ಜಾಲದ ಕಣ್ಣು ಐದು ಇಂಚಿಗಿಂತ ತುಸು ಹೆಚ್ಚು. ಮೀನು ಒಂದು ವರ್ಷ ಸಣ್ಣದಾಗಿ, ಇನ್ನೊಂದು ವರ್ಷ ದೊಡ್ಡದಾಗಿ ಬರುತ್ತದೆಯಾದ್ದರಿಂದ ಕಣ್ಣಿನ ಅಳತೆಯನ್ನು ತಿಂಗಳುಗಳ ಮೊದಲೇ ಊಹಿಸಿ ತರಿಸಬೇಕು. ಕಾಲಿಂಚಿನ ತಪ್ಪೂ ಜುಲೈಯಲ್ಲಿ ಕಾಣುತ್ತದೆ.

ಬಲೆ ಕಟ್ಟುವ ಸೂಜಿ ಹೊಲಿಗೆಯ ಸೂಜಿಯಲ್ಲ. ಚಪ್ಪಟೆಯ ಪ್ಲಾಸ್ಟಿಕ್ ಪಟ್ಟಿ, ನಡುವೆ ನಾಲಿಗೆಯಂಥ ಕಡ್ಡಿ, ಅದರ ಸುತ್ತ ದಾರ. ಮೊದಲು ಮರದ್ದಿತ್ತು. ಮಕ್ಕಳಿಗೆ ಕಲಿಸುವ ಮೊದಲ ಕೆಲಸ ಈ ಸೂಜಿಗೆ ದಾರ ತುಂಬುವುದು. ಶಾಲೆಯಿಂದ ಬಂದ ಮಕ್ಕಳು ಟಿವಿ ಎದುರು ಕೂತು ಹತ್ತಾರು ಸೂಜಿ ತುಂಬಿಸಿ ಬುಟ್ಟಿಗೆ ಹಾಕುತ್ತಾರೆ, ದೊಡ್ಡವರು ಕಟ್ಟುತ್ತಾರೆ. ನಮ್ಮಲ್ಲಿ ಬೀಡಿ ಕಟ್ಟುವ ಮನೆಗಳನ್ನೋ ಹೂ ಕಟ್ಟುವ ಮನೆಗಳನ್ನೋ ನೋಡಿದವರಿಗೆ ಈ ದೃಶ್ಯ ಹೊಸದೆನಿಸದು. ಗಂಟಿಗೊಂದು ಮಾತು, ಮಾತಿಗೊಂದು ಗಂಟು. ಗಂಟು ಸರಿಯಿಲ್ಲದಿದ್ದರೆ ಅಜ್ಜಿ ಮಾತಿಲ್ಲದೆ ಬಿಚ್ಚುತ್ತಾಳೆ.

ಈಗ ನೂರು ವರ್ಷ ಹಿಂದಕ್ಕೆ ಹೋಗೋಣ. ಆಗ ಬಲೆ ನಾರುಬಟ್ಟೆಯ ನೂಲಿನದು, ಅಂದರೆ ಲಿನನ್. ಬೆಂಡು ಎಂದರೆ ದೇವದಾರು ಜಾತಿಯ ಮರದ ತುಂಡು. ಲಿನನ್ ಬಲೆ ಒದ್ದೆಯಾಗಿದ್ದರೆ ಕೊಳೆಯುತ್ತದೆ, ಮೀನಿನ ಲೋಳೆ ಅಂಟಿದರೆ ಇನ್ನೂ ಬೇಗ. ಅದಕ್ಕಾಗಿ ದೊಡ್ಡ ಮರದ ತೊಟ್ಟಿಗಳಲ್ಲಿ ಮೈಲುತುತ್ತದ ನೀರು ತುಂಬಿ ಬಲೆಗಳನ್ನು ಅದ್ದಿ ತೆಗೆಯುತ್ತಿದ್ದರು. ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಬೋರ್ಡೋ ದ್ರಾವಣದಲ್ಲಿ ಬೆರೆಸಿ ಹೊಡೆಯುವ ಅದೇ ಮೈಲುತುತ್ತ. ಶಿಲೀಂಧ್ರ ಅಡಿಕೆಯ ಮೇಲಿದ್ದರೇನು, ಬಲೆಯ ಮೇಲಿದ್ದರೇನು. 1950ರ ದಶಕದಲ್ಲಿ ನೈಲಾನು ಬಂದ ಮೇಲೆ ಈ ತೊಟ್ಟಿಗಳ ಕೆಲಸ ಮುಗಿಯಿತು.

ಆ ಬಲೆಗಳು ಕುಟುಂಬದ ಸ್ವತ್ತಾಗಿರಲಿಲ್ಲ. ಕಂಪನಿಯದಾಗಿದ್ದವು. ರಷ್ಯಾ 1867ರಲ್ಲಿ ಅಲಾಸ್ಕಾವನ್ನು ಅಮೆರಿಕಕ್ಕೆ ಮಾರಿತು. ನುಶಗಾಕ್ ನದಿಯ ಬಾಯಲ್ಲಿ ಬ್ರಿಸ್ಟಲ್ ಕೊಲ್ಲಿಯ ಮೊದಲ ಮೀನು ಡಬ್ಬಿ ಕಾರ್ಖಾನೆ 1884ರಲ್ಲಿ ಕೆಲಸ ಶುರುಮಾಡಿತು. 1893ರ ಹೊತ್ತಿಗೆ ಹಲವು ಕಾರ್ಖಾನೆಗಳು ಒಂದಾಗಿ ಅಲಾಸ್ಕಾ ಪ್ಯಾಕರ್ಸ್ ಅಸೋಸಿಯೇಷನ್ ಎಂಬ ದೊಡ್ಡ ಸಂಸ್ಥೆ ಕಟ್ಟಿಕೊಂಡವು. ಆಗಲೂ ಸುಗ್ಗಿಗಿಂತ ಸಿದ್ಧತೆಯೇ ದೊಡ್ಡದು. ವಸಂತದಲ್ಲಿ ಸಾನ್‌ಫ್ರಾನ್ಸಿಸ್ಕೊದಿಂದ ಹಾಯಿ ಹಡಗುಗಳು ಹೊರಡುತ್ತಿದ್ದವು. ಅವುಗಳಲ್ಲಿ ಕಲ್ಲಿದ್ದಲು, ಮರ, ಹಿಟ್ಟು, ಉಪ್ಪು, ತವರ ಬಳಿದ ತಗಡಿನ ಹಾಳೆಗಳು, ಜೊತೆಗೆ ಇಡೀ ಬೇಸಿಗೆ ದುಡಿಯಬೇಕಾದ ಜನ. ಕಬ್ಬಿಣದ ಮೈಯ ಈ ಹಡಗುಗಳಲ್ಲಿ ಹಲವಕ್ಕೆ ‘ಸ್ಟಾರ್ ಆಫ್’ ಎಂದು ಶುರುವಾಗುವ ಹೆಸರಿತ್ತು. ‘ಸ್ಟಾರ್ ಆಫ್ ಅಲಾಸ್ಕಾ’ ಎಂಬ ಹೆಸರಿನಲ್ಲಿ 1930ರವರೆಗೆ ಓಡಾಡಿದ ಬಾಲ್‌ಕ್ಲೂಥಾ ಹಡಗು ಈಗಲೂ ಸಾನ್‌ಫ್ರಾನ್ಸಿಸ್ಕೊ ಬಂದರಿನಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ.

ಹಡಗಿನ ಅಡಿಯ ಕತ್ತಲಲ್ಲಿ ಬರುತ್ತಿದ್ದವರು ಚೀನೀ ಕೆಲಸಗಾರರು. ಮೀನು ಬರುವುದಕ್ಕೆ ವಾರಗಳ ಮೊದಲೇ ಅವರ ಕೆಲಸ. ತಗಡಿನ ಹಾಳೆ ಕತ್ತರಿಸಿ, ಸುರುಳಿ ಮಾಡಿ, ಬೆಸುಗೆ ಹಾಕಿ ಲಕ್ಷಗಟ್ಟಲೆ ಡಬ್ಬಿಗಳನ್ನು ಕೈಯಿಂದ ತಯಾರಿಸಿಡಬೇಕು. ಒಂದು ಪೌಂಡಿನ 48 ಡಬ್ಬಿ ಸೇರಿದರೆ ಒಂದು ಪೆಟ್ಟಿಗೆ. ಡಬ್ಬಿ ಸಿದ್ಧವಿಲ್ಲದಿದ್ದರೆ ಬಂದ ಮೀನು ಕಟ್ಟೆಯ ಮೇಲೆ ಕೊಳೆಯುತ್ತದೆ. ಚೀನೀಯರು ಅಮೆರಿಕಕ್ಕೆ ಬರುವುದನ್ನು 1882ರ ಕಾನೂನು ತಡೆದ ಮೇಲೆ ವರ್ಷದಿಂದ ವರ್ಷಕ್ಕೆ ಅವರ ಸಂಖ್ಯೆ ಇಳಿಯಿತು, ಇದ್ದವರಿಗೆ ವಯಸ್ಸಾಯಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಸಿಯಾಟಲ್‌ನಲ್ಲಿ ಮೀನಿನ ತಲೆ, ಬಾಲ, ರೆಕ್ಕೆ ಕತ್ತರಿಸಿ ಹೊಟ್ಟೆ ಸೀಳುವ ಯಂತ್ರ ತಯಾರಾಯಿತು. ಯಾರ ಕೆಲಸವನ್ನು ಅದು ಕಿತ್ತುಕೊಂಡಿತೋ ಅವರನ್ನು ಹೀಯಾಳಿಸುವ ಬೈಗುಳವನ್ನೇ ಯಂತ್ರದ ಹೆಸರಾಗಿ ಎರಕದ ಅಕ್ಷರಗಳಲ್ಲಿ ಅದರ ಮೈಮೇಲೆ ಮೂಡಿಸಿದರು. ಮುಂದೆ ಜಪಾನೀಯರು, ಮೆಕ್ಸಿಕೊದವರು, ಫಿಲಿಪೀನ್ಸಿನವರು ಆ ಜಾಗಕ್ಕೆ ಬಂದರು. ಡಬ್ಬಿಯ ಮೇಲಿನ ಬಣ್ಣದ ಚೀಟಿಯಲ್ಲಿ ಇವರು ಯಾರೂ ಇಲ್ಲ.

ಮೀನು ಹಿಡಿಯುತ್ತಿದ್ದವರೋ? ದೋಣಿಗಳಲ್ಲಿ ಬಹುಪಾಲು ಇಟಲಿಯವರು, ನಾರ್ವೆ ಸ್ವೀಡನ್ ಕಡೆಯವರು. ದೋಣಿಯೂ ಕಂಪನಿಯದು, ಬಲೆಯೂ ಕಂಪನಿಯದು. ದೋಣಿಗೆ ಇಬ್ಬರು, ಒಂದು ಹಾಯಿ, ಜೊತೆ ಹುಟ್ಟುಗಳು. ಎಂಜಿನ್ ದೋಣಿಯಿಂದ ಮೀನು ಹಿಡಿಯಬಾರದೆಂದು 1922ರಲ್ಲಿ ನಿಯಮವಾಯಿತು. ಮೀನಿನ ರಕ್ಷಣೆಗೆಂದು ಹೇಳಿದ ಆ ನಿಯಮ ಕಂಪನಿಗಳಿಗೂ ಹಿತವಾಗಿತ್ತು. ಎಂಜಿನ್ ಕೊಳ್ಳಬಲ್ಲ ಸ್ವತಂತ್ರ ಮೀನುಗಾರ ಹುಟ್ಟಿಕೊಳ್ಳದಂತೆ ಅದು ನೋಡಿಕೊಂಡಿತು. ಜಗತ್ತಿನ ಬೇರೆಡೆ ಮೋಟಾರು ದೋಣಿಗಳು ಮಾಮೂಲಾಗಿದ್ದಾಗ ಇಲ್ಲಿ 1951ರವರೆಗೂ ಹಾಯಿ ಬಿಚ್ಚುತ್ತಿದ್ದರು. ಇಪ್ಪತ್ತು ಅಡಿ ಮೀರಿ ಏರಿಳಿಯುವ ನೀರು, ಮರಳ ದಿಬ್ಬ, ದಿಢೀರ್ ಗಾಳಿ, ಮುಳುಗಿದವರು ಕಡಿಮೆಯಿಲ್ಲ. ನಿಯಮ ಹೋದ ಮೇಲೆ ಮೊದಮೊದಲು ಹಾಯಿ ದೋಣಿಯ ಕಂಬ ಕಿತ್ತು ಅದರೊಳಗೇ ಎಂಜಿನ್ ಕೂರಿಸಿಕೊಂಡರು. 32 ಅಡಿಯ ಮಿತಿ ಮಾತ್ರ ಇಂದಿಗೂ ಹಾಗೇ ಇದೆ. ಉದ್ದ ಹೆಚ್ಚಿಸಲಾಗದೆ ದೋಣಿ ಕಟ್ಟುವವರು ಅಗಲ ಹೆಚ್ಚಿಸಿದ್ದಾರೆ. ಈಗಿನ ಕೆಲವು ದೋಣಿಗಳನ್ನು ನೋಡಿದರೆ ಚೌಕದ ಪೆಟ್ಟಿಗೆಯೊಂದಕ್ಕೆ ಮೂತಿ ಅಂಟಿಸಿದಂತೆ ಕಾಣುತ್ತದೆ.

ಈ ಮೀನನ್ನು ಸಾವಿರಾರು ವರ್ಷಗಳಿಂದ ತಿಂದು ಬದುಕಿದ ಯೂಪಿಕ್, ಡೆನೈನಾ, ಅಲುಟೀಕ್ ಜನರಿಗೆ ಕಂಪನಿಯ ದೋಣಿಗಳಲ್ಲಿ ಬಹುಕಾಲ ಜಾಗವಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಹೊರಗಿನ ಕೂಲಿ ಸಿಗದಾದಾಗ ಬಾಗಿಲು ಸ್ವಲ್ಪ ತೆರೆಯಿತು. ಆದರೆ ದಡ ಯಾರದೂ ಆಗಿರಲಿಲ್ಲ. ಬೇಸಿಗೆಯಲ್ಲಿ ನದಿದಡಕ್ಕೆ ಬಿಡಾರ ಬಂದು ಮೀನು ಒಣಗಿಸುವುದು ಮೊದಲಿಂದಲೂ ಇದ್ದ ಪದ್ಧತಿ. ಹಾಗೆ ಬಂದ ಹೆಂಗಸರು, ಮಕ್ಕಳು ದಡದ ಬಲೆ ಹಾಕಿ ಮನೆಗೆ ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಕಾರ್ಖಾನೆಗೆ ಮಾರತೊಡಗಿದರು. ಇಂದು ಕುಟುಂಬ ಮೀನುಗಾರಿಕೆ ಎಂದು ನಾವು ಕರೆಯುವುದಕ್ಕೆ ಒಂದು ಬೇರು ಇಲ್ಲಿದೆ. ಗಂಡಸು ಕಂಪನಿಯ ಲೆಕ್ಕದಲ್ಲಿ ದುಡಿಯುತ್ತಿದ್ದಾಗ ಹೆಂಗಸು ತನ್ನ ಲೆಕ್ಕದಲ್ಲಿ ದುಡಿದದ್ದು ಈ ದಡದಲ್ಲಿ.

ನಡುವೆ 1919 ಬಂತು. ಜಗತ್ತನ್ನು ಸುತ್ತಿದ ಇನ್‌ಫ್ಲುಯೆಂಜಾ ಬ್ರಿಸ್ಟಲ್ ಕೊಲ್ಲಿಗೆ ತಲುಪಿದ್ದು ಆ ವರ್ಷದ ವಸಂತದ ಕೊನೆಗೆ, ಸರಿಯಾಗಿ ಸುಗ್ಗಿಯ ಸಿದ್ಧತೆಯ ಹೊತ್ತಿಗೆ. ದೊಡ್ಡವರು ಸತ್ತರು, ಮಕ್ಕಳು ಉಳಿದರು. ಕಾರ್ಖಾನೆಯ ಬಡಗಿಗಳು ಮೀನಿನ ಪೆಟ್ಟಿಗೆಗಳ ಬದಲು ಶವಪೆಟ್ಟಿಗೆ ಮಾಡಬೇಕಾಯಿತು. ಡಿಲ್ಲಿಂಗ್‌ಹ್ಯಾಮ್ ಬಳಿಯ ಕನಾಕನಾಕ್‌ನಲ್ಲಿ ಅನಾಥ ಮಕ್ಕಳನ್ನು ಸೇರಿಸಿ ಸಾಕಿದರು. ಕೆಲವು ಹಳ್ಳಿಗಳು ಖಾಲಿಯಾಗಿ ಮತ್ತೆ ತುಂಬಲೇ ಇಲ್ಲ. ಆ ಮಕ್ಕಳು ಬೆಳೆದು, ಮದುವೆಯಾಗಿ, ದಡದಲ್ಲಿ ಬಲೆ ಹಾಕಿದರು. ಈಗಿನ ಎಷ್ಟೋ ಮೀನುಗಾರ ಮನೆತನಗಳ ವಂಶವೃಕ್ಷ ಆ ವರ್ಷದಿಂದ ಹಿಂದಕ್ಕೆ ಹೋಗಲು ತಡವರಿಸುತ್ತದೆ. ಬಲೆ ಕಟ್ಟಲು ತಾಯಿಯಿಂದ ಕಲಿಯಬೇಕಾದವರು ಬೇರೆ ಯಾರಿಂದಲೋ ಕಲಿತರು.

ಮೇ ತಿಂಗಳಲ್ಲಿ ನದಿಯ ಮಂಜುಗಡ್ಡೆ ಒಡೆದು ಕಡಲಿಗೆ ಹೋಗುತ್ತದೆ. ಅಲ್ಲಿಂದ ಕೆಲಸ ಮನೆಯೊಳಗಿಂದ ಹೊರಗೆ ಬರುತ್ತದೆ. ಈ ಊರುಗಳಿಗೆ ಹೊರಗಿನಿಂದ ರಸ್ತೆಯಿಲ್ಲ. ಜನ ಬರುವುದು ವಿಮಾನದಲ್ಲಿ, ಸಾಮಾನು ಬರುವುದು ಬಾರ್ಜಿನಲ್ಲಿ. ಎಂಜಿನ್ನಿನ ಒಂದು ಸಣ್ಣ ಭಾಗ ಮರೆತರೆ ಅದು ವಿಮಾನದಲ್ಲಿ ಬರುವ ಹೊತ್ತಿಗೆ ಅದರ ಬೆಲೆ ಎರಡು ಪಟ್ಟು. ಆದ್ದರಿಂದ ಪಟ್ಟಿ ಬರೆಯುವುದು ಒಂದು ದೊಡ್ಡ ಕಲೆ. ಅಡುಗೆಮನೆಯ ಗೋಡೆಯ ಮೇಲೆ ಅಂಟಿಸಿದ ಪಟ್ಟಿಯಲ್ಲಿ ಸ್ಪಾರ್ಕ್ ಪ್ಲಗ್, ಎಣ್ಣೆ, ಕೈಚೀಲ, ರಬ್ಬರ್ ಕೈಗವಸು, ಮುಲಾಮು, ಕಾಫಿಪುಡಿ, ಅಕ್ಕಿ, ಪೈಲಟ್ ಬ್ರೆಡ್ ಎಂದು ಕರೆಯುವ ಗುಂಡನೆಯ ಗಟ್ಟಿ ಬಿಸ್ಕತ್ತು ಎಲ್ಲವೂ ಇರುತ್ತದೆ. ಸುಗ್ಗಿಯಲ್ಲಿ ಅಡುಗೆ ಮಾಡಲು ಯಾರಿಗೂ ಹೊತ್ತಿಲ್ಲ. ನಿದ್ದೆಗೇ ಇಲ್ಲ. ಉತ್ತರದ ಬೇಸಿಗೆಯ ರಾತ್ರಿ ಪೂರ್ತಿ ಕತ್ತಲಾಗುವುದೂ ಇಲ್ಲ, ನೀರು ಏರಿದಾಗ ಎದ್ದು ಹೋಗಬೇಕು.

ದಡದ ಮೇಲಿನ ಗುಡ್ಡದ ಅಂಚಿನಲ್ಲಿ ಪ್ಲೈವುಡ್ಡಿನ ಗುಡಿಸಲು. ಒಂಬತ್ತು ತಿಂಗಳಿಂದ ಮುಚ್ಚಿದ್ದನ್ನು ತೆರೆದಾಗ ಮೊದಲು ನೋಡುವುದು ಕರಡಿ ನುಗ್ಗಿದೆಯೇ ಎಂದು, ಎರಡನೆಯದು ಗುಡ್ಡದ ಅಂಚು ಎಷ್ಟು ಹತ್ತಿರ ಬಂದಿದೆ ಎಂದು. ಈ ಮಣ್ಣಿನ ಗುಡ್ಡಗಳನ್ನು ಅಲೆಗಳು ವರ್ಷವರ್ಷವೂ ಕೊರೆಯುತ್ತವೆ. ಹಿಂದಿನ ವರ್ಷ ಮನೆಯ ಮುಂದಿದ್ದ ಜಾಗ ಈ ವರ್ಷ ಇಲ್ಲ. ಆಗ ಸುಗ್ಗಿಯ ಸಿದ್ಧತೆಯಲ್ಲಿ ಮನೆಯನ್ನೇ ಎತ್ತಿ ಹಿಂದಕ್ಕೆ ಸರಿಸುವುದೂ ಸೇರಿಕೊಳ್ಳುತ್ತದೆ. ಅಡಿಗೆ ಮರದ ದಿಮ್ಮಿ ಕೊಟ್ಟು, ಟ್ರಾಕ್ಟರಿಗೆ ಹಗ್ಗ ಕಟ್ಟಿ, ಒಳಗಿನ ಪಾತ್ರೆಗಳನ್ನು ಮೊದಲು ಹೊರಗಿಟ್ಟು. ಅಜ್ಜ ಕಟ್ಟಿದ ಮನೆ ಅಜ್ಜ ಕಟ್ಟಿದ ಜಾಗದಲ್ಲಿ ಇರುವುದು ಅಪರೂಪ.

ನಂತರ ಕೆಸರು. ನೀರು ಇಳಿದಾಗ ದಡದ ಮುಂದೆ ಬಹುದೂರದವರೆಗೆ ಬೂದುಬಣ್ಣದ ಕೆಸರುಗದ್ದೆ ತೆರೆದುಕೊಳ್ಳುತ್ತದೆ. ಆಗಲೇ ಹೋಗಿ ಲಂಗರು ಹೂಳಬೇಕು, ಅದಕ್ಕೆ ಗಾಲಿ ಕಟ್ಟಿ, ದಡದಿಂದ ಲಂಗರಿಗೂ ಲಂಗರಿನಿಂದ ದಡಕ್ಕೂ ಸುತ್ತಿ ಬರುವ ಹಗ್ಗ ಹಾಕಬೇಕು. ಬಾವಿಯ ರಾಟೆಯನ್ನು ಅಡ್ಡ ಮಲಗಿಸಿದಂತೆ ಎಂದುಕೊಳ್ಳಿ. ಈ ಹಗ್ಗದಿಂದ ಬಲೆಯನ್ನು ಎಳೆದು ಹಾಕುವುದು, ಎಳೆದು ತೆಗೆಯುವುದು. ಕೆಸರಿನಲ್ಲಿ ನಡೆಯುವುದಕ್ಕೂ ಒಂದು ಕ್ರಮವಿದೆ. ನಿಂತರೆ ಹೂತುಹೋಗುತ್ತೀರಿ, ಹಿಮ್ಮಡಿ ಮೊದಲು ಎತ್ತಬೇಕು, ಎದೆಯವರೆಗಿನ ಬೂಟು ಸಿಕ್ಕಿಕೊಂಡರೆ ಬೂಟು ಬಿಟ್ಟು ಬರಬೇಕು. ನೀರು ವಾಪಸು ಬರುವಾಗ ಕಾಯುವುದಿಲ್ಲ. ಇದನ್ನು ಮಕ್ಕಳಿಗೆ ಲಂಗರು ಹೂಳುವ ದಿನಗಳಲ್ಲೇ ಕಲಿಸುತ್ತಾರೆ. ಎರಡು ಬಲೆಗಳ ನಡುವೆ 300 ಅಡಿ ಬಿಡಬೇಕೆಂಬ ನಿಯಮವಿರುವುದರಿಂದ ಅಳತೆಯ ಹಗ್ಗ ಹಿಡಿದು ನೆರೆಯವರೂ ಬರುತ್ತಾರೆ. ನಮ್ಮ ಹೊಲದ ಬದುವಿನ ಜಗಳಗಳ ಎಲ್ಲ ರುಚಿಯೂ ಈ 300 ಅಡಿಯಲ್ಲಿ ಉಂಟು.

ಇಷ್ಟರಲ್ಲಿ ದೋಣಿಯ ತಳಕ್ಕೆ ಬಣ್ಣ, ಎಂಜಿನ್ನಿಗೆ ಹೊಸ ಎಣ್ಣೆ, ಬುರುಡೆಗಳ ಮೇಲೆ ಪರವಾನಗಿಯ ಅಂಕಿ ಬರೆಯುವುದು, ಐಸು ತುಂಬುವ ಪೆಟ್ಟಿಗೆ ತೊಳೆಯುವುದು ನಡೆದಿರುತ್ತದೆ. ಒಂದು ಕೆಲಸವನ್ನು ಮಾತ್ರ ಯಾರೂ ಅವಸರದಲ್ಲಿ ಮಾಡುವುದಿಲ್ಲ. ಕಿತ್ತಳೆ ಬಣ್ಣದ, ಮುಖವೊಂದನ್ನು ಬಿಟ್ಟು ಇಡೀ ಮೈ ಮುಚ್ಚುವ ಜೀವರಕ್ಷಕ ಉಡುಪನ್ನು ಚೀಲದಿಂದ ತೆಗೆದು, ಜಿಪ್ಪಿಗೆ ಮೇಣ ಸವರಿ, ಎಳೆದು ನೋಡಿ, ಒಬ್ಬೊಬ್ಬರೂ ಒಂದು ನಿಮಿಷದೊಳಗೆ ತೊಟ್ಟು ತೋರಿಸಬೇಕು. ಬೇರಿಂಗ್ ಸಮುದ್ರದ ನೀರಿಗೆ ಬರೀ ಬಟ್ಟೆಯಲ್ಲಿ ಬಿದ್ದವರಿಗೆ ಈಜು ಬಂದರೂ ಕೈಕಾಲು ಬೇಗ ಮರಗಟ್ಟುತ್ತವೆ. ಮಕ್ಕಳು ಇದನ್ನು ಆಟವೆಂದು ನಗುತ್ತ ತೊಡುತ್ತಾರೆ. ಗಡಿಯಾರ ಹಿಡಿದ ತಾಯಿ ನಗುವುದಿಲ್ಲ.

ಜೂನ್ ಮೊದಲಲ್ಲಿ ಬರುವುದು ಕಿಂಗ್ ಸಾಲ್ಮನ್, ಮೀನುಗಳಲ್ಲಿ ದೊಡ್ಡದು. ಅದು ಮಾರುವುದಕ್ಕಿಂತ ಮನೆಗೆ. ಮೊದಲು ಸಿಕ್ಕಿದ್ದನ್ನು ಊರಿನ ಹಿರಿಯರಿಗೆ ಕೊಟ್ಟುಬರುವ ರೂಢಿ ಇನ್ನೂ ಇದೆ. ಉಳಿದದ್ದನ್ನು ಅರ್ಧಚಂದ್ರಾಕಾರದ ಉಲು ಕತ್ತಿಯಿಂದ ಪಟ್ಟಿಪಟ್ಟಿಯಾಗಿ ಕತ್ತರಿಸಿ, ಉಪ್ಪುನೀರಿನಲ್ಲಿ ಅದ್ದಿ, ಗಾಳಿಗೆ ತೂಗುಹಾಕಿ, ಹೊಗೆಮನೆಗೆ ಏರಿಸುತ್ತಾರೆ. ಹೊಗೆಯ ಕಟ್ಟಿಗೆ ಯಾವುದು, ಎಷ್ಟು ದಿನ ಎಂಬುದರಲ್ಲಿ ಅಕ್ಕತಂಗಿಯರಲ್ಲೂ ಒಮ್ಮತವಿಲ್ಲ. ವ್ಯಾಪಾರದ ಮೀನುಗಾರಿಕೆಯ ಲೆಕ್ಕಪತ್ರದಲ್ಲಿ ಈ ಮೀನು ಕಾಣಿಸುವುದಿಲ್ಲ. ಚಳಿಗಾಲದಲ್ಲಿ ಬಲೆ ಕಟ್ಟುತ್ತ ಕೂತವರು ಅಗಿಯುವುದು ಇದನ್ನೇ.

ಇನ್ನು ಕಾಗದದ ವಿಚಾರ. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಕಷ್ಟದ ಭಾಗ ಇದು. 1970ರ ದಶಕದ ಆರಂಭದಲ್ಲಿ ಮೀನು ತೀರಾ ಕುಸಿಯಿತು. 1973ರಲ್ಲಿ ಇಡೀ ಕೊಲ್ಲಿಯಲ್ಲಿ ಹಿಡಿದದ್ದು 10 ಲಕ್ಷ ಮೀನಿಗಿಂತ ಕಡಿಮೆ. (ಅದೇ ಕೊಲ್ಲಿಯಲ್ಲಿ 2022ರಲ್ಲಿ ಹಿಡಿದದ್ದು ಸುಮಾರು 6 ಕೋಟಿ!) ಬಲೆ ಹಾಕುವವರು ಹೆಚ್ಚು, ಮೀನು ಕಡಿಮೆ ಎಂದು ಅಲಾಸ್ಕಾದ ಮತದಾರರು 1972ರಲ್ಲಿ ರಾಜ್ಯದ ಸಂವಿಧಾನವನ್ನೇ ತಿದ್ದಿದರು. 1973ರ ಕಾನೂನು ಪರವಾನಗಿಗಳ ಸಂಖ್ಯೆಯನ್ನು ಮಿತಿಗೊಳಿಸಿತು. ಮೊದಲ ಸಲ ಯಾರಿಗೆ ಕೊಡಬೇಕು? ಅದಕ್ಕೆ ಅಂಕಗಳ ಪದ್ಧತಿ. ಹಿಂದಿನ ವರ್ಷಗಳಲ್ಲಿ ಯಾರ ಹೆಸರಿನಲ್ಲಿ ಬಲೆಯ ಲೈಸೆನ್ಸ್ ಇತ್ತು, ಅವರು ಈ ದುಡಿಮೆಯನ್ನು ಎಷ್ಟು ನೆಚ್ಚಿದ್ದಾರೆ ಎಂದು ಎಣಿಸಿ ಅಂಕ. ಕಾಗದದಲ್ಲಿ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಅಪ್ಪನ ಲೈಸೆನ್ಸಿನಲ್ಲಿ, ಮಾವನ ದೋಣಿಯಲ್ಲಿ ಹತ್ತು ವರ್ಷ ದುಡಿದವರಿಗೆ ಅಂಕವಿಲ್ಲ. ಇಂಗ್ಲಿಷ್ ಅರ್ಜಿ ತುಂಬಲು ಬಾರದ ಯೂಪಿಕ್ ಮುದುಕರಿಗೆ ಕಷ್ಟ. ಬೇಟೆಗೆ ಹೋಗಿದ್ದಾಗ ಗಡುವು ದಾಟಿದವರಿಗೆ ಇನ್ನೂ ಕಷ್ಟ. ಪಹಣಿಯಲ್ಲಿ ಒಬ್ಬರ ಹೆಸರು, ಹೊಲದಲ್ಲಿ ಹತ್ತು ಜನರ ಬೆವರು ಎಂಬ ಸ್ಥಿತಿ ನಮಗೆ ತಿಳಿಯದ್ದಲ್ಲ.

ಪರವಾನಗಿಯನ್ನು ಕಂಪನಿ ಹೊಂದುವಂತಿಲ್ಲ, ವ್ಯಕ್ತಿಯೇ ಹೊಂದಬೇಕು ಎಂದು ಕಾನೂನು ಹೇಳಿದ್ದು ಒಳ್ಳೆಯದೇ. ಹಳೆಯ ಕಾರ್ಖಾನೆಗಳ ಯಜಮಾನಿಕೆ ಮತ್ತೆ ಬರದಿರಲಿ ಎಂಬ ಎಚ್ಚರ ಅದರಲ್ಲಿತ್ತು. ಆದರೆ ಅದನ್ನು ಮಾರಬಹುದು, ದಾನ ಕೊಡಬಹುದು, ಉಯಿಲು ಬರೆಯಬಹುದು. 1980ರ ದಶಕದಲ್ಲಿ ಜಪಾನಿನವರು ಹೆಪ್ಪುಗಟ್ಟಿಸಿದ ಸಾಕೈಗೆ ಚಿನ್ನದ ಬೆಲೆ ಕೊಟ್ಟರು. 1988ರಲ್ಲಿ ಮೀನುಗಾರನ ಕೈಗೆ ಪೌಂಡಿಗೆ ಎರಡು ಡಾಲರಿಗೂ ಹೆಚ್ಚು ಬಂತು, ದೋಣಿಯ ಪರವಾನಗಿ 2 ಲಕ್ಷ ಡಾಲರ್ ದಾಟಿತು. ಆಮೇಲೆ ನಾರ್ವೆ, ಚಿಲಿಗಳಲ್ಲಿ ಬುಟ್ಟಿಬಲೆಯಲ್ಲಿ ಸಾಕಿದ ಸಾಲ್ಮನ್ ಪೇಟೆ ತುಂಬಿತು. ಅಲಾಸ್ಕಾ 1990ರಲ್ಲಿ ತನ್ನ ನೀರಿನಲ್ಲಿ ಮೀನು ಸಾಕಣೆಯನ್ನು ನಿಷೇಧಿಸಿತು, ಪೇಟೆಗೆ ಬರುವುದನ್ನು ನಿಷೇಧಿಸಲಾಗಲಿಲ್ಲ. ಹೊಸ ಶತಮಾನದ ಆರಂಭಕ್ಕೆ ಬೆಲೆ 40 ಸೆಂಟಿನ ಆಸುಪಾಸು, ಪರವಾನಗಿ 20 ಸಾವಿರ ಡಾಲರ್ ಆಸುಪಾಸು. ಬೆಲೆ ಏರಿದಾಗ ಸಾಲ ತೀರಿಸಲು, ಇಳಿದಾಗ ಹೊಟ್ಟೆ ಹೊರೆಯಲು ಹಳ್ಳಿಯವರು ಮಾರಿದರು. ಕೊಂಡವರು ಬಹುಪಾಲು ಹೊರಗಿನವರು. ಕೊಲ್ಲಿಯ ಹಳ್ಳಿಗಳಲ್ಲಿರುವ ಪರವಾನಗಿಗಳ ಸಂಖ್ಯೆ 1975ರಿಂದ ಈಚೆಗೆ ಬಹಳ ಇಳಿದಿದೆ. ಹೋದ ಪರವಾನಗಿ ಹಳ್ಳಿಗೆ ಹಿಂತಿರುಗಿದ್ದು ಕಡಿಮೆ. ನದಿಗಳ ತಲೆಯಲ್ಲಿ ತೆಗೆಯಬೇಕೆಂದಿದ್ದ ಪೆಬಲ್ ಎಂಬ ತಾಮ್ರ ಚಿನ್ನದ ಗಣಿಯ ವಿರುದ್ಧ ಎಲ್ಲರೂ ಒಟ್ಟಾಗಿ ನಿಂತರು, 2023ರ ಜನವರಿಯಲ್ಲಿ ಅಮೆರಿಕದ ಪರಿಸರ ಸಂಸ್ಥೆ ಅದಕ್ಕೆ ತಡೆ ಹಾಕಿತು. ಗಣಿಯ ವಿರುದ್ಧ ಸಭೆ ಸೇರಬಹುದು. ಒಂದೊಂದಾಗಿ ಕೈಬಿಟ್ಟುಹೋಗುವ ಕಾಗದದ ವಿರುದ್ಧ ಯಾರು ಸಭೆ ಸೇರುತ್ತಾರೆ?

ಆದ್ದರಿಂದ ವಸಂತದ ಸಿದ್ಧತೆಯಲ್ಲಿ ಮಾತನಾಡದೆ ಉಳಿಯುವ ಒಂದು ವಿಷಯ ಇದ್ದೇ ಇರುತ್ತದೆ. ಪರವಾನಗಿಯಲ್ಲಿ ಒಂದೇ ಹೆಸರಿರಬೇಕು. ಮಕ್ಕಳು ಮೂವರಿದ್ದಾರೆ. ಹಿರಿಯಳಿಗೆ ನಗರದಲ್ಲಿ ಕೆಲಸ, ಆದರೂ ರಜೆ ಹಾಕಿ ವರ್ಷವೂ ಬರುತ್ತಾಳೆ. ನಡುವಿನವನಿಗೆ ಎಂಜಿನ್ ಚೆನ್ನಾಗಿ ಗೊತ್ತು, ಸ್ವಂತ ದೋಣಿಯ ಆಸೆ. ಕಿರಿಯಳು ಇಲ್ಲೇ ಇದ್ದು ಅಜ್ಜಿಯನ್ನು ನೋಡಿಕೊಳ್ಳುತ್ತಾಳೆ, ಕೆಸರಿನಲ್ಲಿ ಅವಳಷ್ಟು ಬೇಗ ಯಾರೂ ನಡೆಯಲಾರರು. ಇದು ಯಾವುದೋ ಒಂದು ಮನೆಯ ಕಥೆಯಲ್ಲ, ಈ ದಡದ ಬಹಳಷ್ಟು ಮನೆಗಳ ಲೆಕ್ಕ ಹೀಗೇ ಇರುತ್ತದೆ. ಕೆಲಸದವರಿಗೆ ಪಾಲು ಕೊಡುವುದು ಸುಲಭ: ಹಿಡಿದ ಮೀನಿನ ಹಣದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಭಾಗ, ಊಟ ಖರ್ಚು ಕಳೆದು. ಹೆಸರಿನ ಪಾಲು ಮಾಡಲಾಗುವುದಿಲ್ಲ. ಕೆಲವು ತಾಯಂದಿರು ಯಾರಿಗೂ ಬರೆದುಕೊಡದೆ ಎಪ್ಪತ್ತು ದಾಟಿದರೂ ಪರವಾನಗಿ ಜೇಬಿನಲ್ಲಿಟ್ಟುಕೊಂಡು ದಡಕ್ಕೆ ಬರುತ್ತಾರೆ. ಬಲೆ ನೀರಿನಲ್ಲಿರುವಾಗ ಪರವಾನಗಿಯವರು ಅಲ್ಲಿರಬೇಕೆಂಬುದು ನಿಯಮ. ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತು ಮಕ್ಕಳು ಮೀನು ಬಿಡಿಸುವುದನ್ನು ನೋಡುತ್ತಾರೆ.

ಜೂನ್ ನಡುವಿಗೆ ಎಲ್ಲ ಸಿದ್ಧವಾದ ಮೇಲೆ ಕಾಯುವ ಕೆಲಸ. ಬಲೆ ಯಾವಾಗ ಹಾಕಬೇಕೆಂದು ಮೀನುಗಾರ ತೀರ್ಮಾನಿಸುವುದಿಲ್ಲ. ನದಿಯ ಮೇಲ್ಭಾಗದಲ್ಲಿ ಗೋಪುರಗಳಿವೆ. ಅದರ ಮೇಲೆ ನಿಂತವರು ಗಂಟೆಗೆ ಹತ್ತು ನಿಮಿಷ, ದಡದ ಒಂದೊಂದು ಬದಿಯಲ್ಲಿ, ಕೆಳಗೆ ಹಾದುಹೋಗುವ ಮೀನನ್ನು ಕೈಯಲ್ಲಿನ ಎಣಿಕೆ ಯಂತ್ರ ಒತ್ತುತ್ತ ಎಣಿಸುತ್ತಾರೆ. ಅದರಿಂದ ಇಡೀ ದಿನದ ಲೆಕ್ಕ ತೆಗೆಯುತ್ತಾರೆ. 1950ರ ದಶಕದಿಂದ ನಡೆದುಬಂದ ಪದ್ಧತಿ. ಮೊಟ್ಟೆಯಿಡಲು ಬೇಕಾದಷ್ಟು ಮೀನು ಮೇಲೆ ಹೋಗುತ್ತಿದೆ ಎಂದು ಖಾತ್ರಿಯಾದರೆ ರಾಜ್ಯದ ಮೀನುಗಾರಿಕೆ ಇಲಾಖೆ ಇಂಥ ಜಾಗದಲ್ಲಿ ಇಂಥ ಗಂಟೆಯಿಂದ ಇಂಥ ಗಂಟೆಯವರೆಗೆ ಬಲೆ ಹಾಕಬಹುದೆಂದು ಘೋಷಿಸುತ್ತದೆ. ಘೋಷಣೆ ಬರುವುದು ರೇಡಿಯೊದಲ್ಲಿ. ಆ ಹೊತ್ತಿಗೆ ಗುಡಿಸಲುಗಳಲ್ಲಿ ಕಾಫಿ ಕಲಕುವ ಚಮಚವೂ ನಿಲ್ಲುತ್ತದೆ. ಒಬ್ಬರು ಪೆನ್ಸಿಲ್ ಹಿಡಿದು ಬರೆದುಕೊಳ್ಳುತ್ತಾರೆ, ಇನ್ನೊಬ್ಬರು ನೀರಿನ ಏರಿಳಿತದ ಪುಸ್ತಕ ತೆಗೆದು ಆ ಗಂಟೆಗೆ ದಡದಲ್ಲಿ ನೀರಿರುತ್ತದೋ ಕೆಸರಿರುತ್ತದೋ ನೋಡುತ್ತಾರೆ.

ಆಗಸ್ಟಿನಲ್ಲಿ ಬಲೆಗಳನ್ನು ಹುಲ್ಲಿನ ಮೇಲೆ ಹರಡಿ, ಕತ್ತಿಯಿಂದ ಹರಿದ ಜಾಲವನ್ನು ಹಗ್ಗದಿಂದ ಬಿಡಿಸಿ ತೆಗೆಯುತ್ತಾರೆ. ಚಳಿಗಾಲವೆಲ್ಲ ಕಟ್ಟಿದ ಗಂಟುಗಳನ್ನು ಕೊಯ್ಯಲು ಒಂದು ಮಧ್ಯಾಹ್ನ ಸಾಕು. ಬೆಂಡಿನ ಹಗ್ಗ, ಸೀಸದ ಹಗ್ಗ ಸುರುಳಿ ಸುತ್ತಿ ಚೀಲಕ್ಕೆ ಹಾಕಿ, ಚೀಲದ ಮೇಲೆ ಮನೆಯ ಹೆಸರು, ಬಲೆಯ ಉದ್ದ, ಮುಂದಿನ ವರ್ಷಕ್ಕೆ ಬೇಕಾದ ಜಾಲದ ಕಣ್ಣಿನ ಅಳತೆ ಬರೆದು ಅಟ್ಟಕ್ಕೇರಿಸುತ್ತಾರೆ. ಬರೆಯುವುದು ಸಾಮಾನ್ಯವಾಗಿ ಅಕ್ಷರ ಚೆನ್ನಾಗಿರುವ ಮಗು.